ಗ್ಲೌಸ್ ಕೊಟ್ಟ ಸರ್ಜನ್: ವಿಲಿಯಂ ಹಾಲ್‌ಸ್ಟೆಡ್

ಡಾಕ್ಟರ್‌ಗಳು ಆಪರೇಷನ್ ಮಾಡುವಾಗ ರಬ್ಬರ್ ಗ್ಲೌಸ್ ಹಾಕ್ಕೊಳ್ಳೋದು ನಮಗೆಲ್ಲ ಗೊತ್ತು. ಆ ರೂಢಿ ಶುರುವಾಗಿದ್ದರ ಹಿಂದೆ ಒಬ್ಬ ಅಮೆರಿಕನ್ ಸರ್ಜನ್ ಇದ್ದಾರೆ. ಸ್ತನ ಕ್ಯಾನ್ಸರ್ ಚಿಕಿತ್ಸೆಯನ್ನು ಮುಕ್ಕಾಲು ಶತಮಾನ ಆಳಿದ್ದೂ ಅವರ ವಿಧಾನವೇ.

ವಿಲಿಯಂ ಸ್ಟುವರ್ಟ್ ಹಾಲ್‌ಸ್ಟೆಡ್ ಹುಟ್ಟಿದ್ದು 1852ರಲ್ಲಿ, ನ್ಯೂಯಾರ್ಕಿನ ಅನುಕೂಲಸ್ಥ ಮನೆಯಲ್ಲಿ. ಯೇಲ್ ಕಾಲೇಜಿನಲ್ಲಿ ಓದಿಗಿಂತ ಫುಟ್‌ಬಾಲ್‌ನಲ್ಲೇ ಹೆಸರು ಮಾಡಿದವರು, 1877ರಲ್ಲಿ ಡಾಕ್ಟರ್ ಆದರು. ಹೆರಿಗೆಯಾದ ಮೇಲೆ ರಕ್ತಸ್ರಾವದಿಂದ ಸಾಯುವ ಸ್ಥಿತಿಯಲ್ಲಿದ್ದ ತಂಗಿಗೆ ತಮ್ಮ ರಕ್ತವನ್ನೇ ಕೊಟ್ಟು ಉಳಿಸಿಕೊಂಡರು. ಆಗಿನ್ನೂ ರಕ್ತದ ಗುಂಪುಗಳು ಯಾರಿಗೂ ಗೊತ್ತಿರಲಿಲ್ಲ!

1884ರಲ್ಲಿ ಕೊಕೇನ್ ಬಳಸಿ ನರವನ್ನು ಮರಗಟ್ಟಿಸುವ ಪ್ರಯೋಗ ಶುರು ಮಾಡಿದರು, ತಮ್ಮ ಮೈ ಮೇಲೇ. ಪ್ರಯೋಗ ಗೆದ್ದಿತು, ಆದರೆ ಚಟ ಅಂಟಿಕೊಂಡಿತು. ಅದನ್ನು ಬಿಡಿಸಲು ಹೋಗಿ ಮಾರ್ಫಿನ್ ಹತ್ತಿತು. ಆ ಗುಟ್ಟನ್ನು ಹೊತ್ತುಕೊಂಡೇ ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ಮುಖ್ಯ ಸರ್ಜನ್ ಆದರು. ಅಲ್ಲಿ ಕ್ಯಾರೊಲಿನ್ ಹ್ಯಾಂಪ್ಟನ್ ಎಂಬ ನರ್ಸ್ ಕೈಗಳು ಪಾದರಸದ ಔಷಧಿಗೆ ಸುಟ್ಟಂತಾಗುತ್ತಿದ್ದವು. ಗುಡ್‌ಇಯರ್ ಕಂಪನಿಗೆ ಹೇಳಿ ತೆಳು ರಬ್ಬರ್ ಗ್ಲೌಸ್ ಮಾಡಿಸಿಕೊಟ್ಟರು. 1890ರಲ್ಲಿ ಅವರನ್ನೇ ಮದುವೆಯೂ ಆದರು.

ಇನ್ನು ಕ್ಯಾನ್ಸರ್ ವಿಷಯಕ್ಕೆ ಬರೋಣ. ಸ್ತನದಿಂದ ಹೊರಡುವ ದ್ರವ ಕಂಕುಳಿನ ದುಗ್ಧರಸ ಗ್ರಂಥಿಗಳನ್ನು, ಅಂದರೆ ಲಿಂಫ್ ನೋಡ್‌ಗಳನ್ನು ಹಾದು ಹೋಗುತ್ತದೆ. ರೋಗವೂ ಇದೇ ದಾರಿಯಲ್ಲಿ ಹಂತ ಹಂತವಾಗಿ ಹರಡುತ್ತೆ ಅಂತ ಹಾಲ್‌ಸ್ಟೆಡ್ ನಂಬಿದ್ದರು. ಹಾಗಾಗಿ ಸ್ತನ, ಎದೆಯ ಸ್ನಾಯು, ಕಂಕುಳಿನ ಗ್ರಂಥಿಗಳು ಎಲ್ಲವನ್ನೂ ಒಂದೇ ತುಂಡಾಗಿ ತೆಗೆದರು. 1894ರಲ್ಲಿ 50 ರೋಗಿಗಳ ವರದಿ ಕೊಟ್ಟಾಗ, ಕೊಯ್ದ ಜಾಗದಲ್ಲೇ ರೋಗ ಮರುಕಳಿಸಿದ್ದು ಬರೀ 3 ಜನರಿಗೆ. ಬೇರೆ ಸರ್ಜನ್‌ಗಳ ಕೈಯಲ್ಲಿ ಅದು ಅರ್ಧಕ್ಕಿಂತ ಹೆಚ್ಚಿರುತ್ತಿತ್ತು. ಜಗತ್ತೇ ಅವರನ್ನು ಹಿಂಬಾಲಿಸಿತು.

ನಮ್ಮ ಚಿತ್ರದುರ್ಗದವರಿಗೆ ಇದು ಬೇಗ ಅರ್ಥವಾಗುತ್ತೆ. ಕಿಂಡಿಯಲ್ಲಿ ನುಸುಳಿದವರನ್ನು ಓಬವ್ವ ಒನಕೆಯಿಂದ ತಡೆದಳು. ಆದರೂ 1779ರಲ್ಲಿ ಕೋಟೆ ಹೈದರಾಲಿ ಪಾಲಾಯಿತು. ಕಿಂಡಿ ಕಾದರೆ ಸಾಲದು, ಶತ್ರುವಿಗೆ ಬೇರೆ ದಾರಿಗಳೂ ಇರುತ್ತವೆ. ಕ್ಯಾನ್ಸರ್‌ಗೆ ರಕ್ತವೇ ಆ ಇನ್ನೊಂದು ದಾರಿ. ಗ್ರಂಥಿಗಳಿಗೆ ರೋಗ ಮುಟ್ಟಿದ್ದವರಲ್ಲಿ ಹೆಚ್ಚಿನವರು, ಎಷ್ಟು ಕೊಯ್ದರೂ ಉಳಿಯುತ್ತಿಲ್ಲ ಅನ್ನೋದು 1907ರ ಹೊತ್ತಿಗೆ ಹಾಲ್‌ಸ್ಟೆಡ್ ಅವರ ಲೆಕ್ಕದಲ್ಲೇ ಕಾಣುತ್ತಿತ್ತು. ಡೇಟಾ ಕೈಯಲ್ಲಿತ್ತು, ಆದರೆ ಮಾಡೆಲ್ ಬದಲಾಗಲಿಲ್ಲ. ಪಿತ್ತನಾಳದ ಕಲ್ಲಿನ ಆಪರೇಷನ್ ಆದ ಮೇಲೆ ತೊಂದರೆಯಾಗಿ 1922ರಲ್ಲಿ ಅವರು ತೀರಿಕೊಂಡರು.

ಆ ಮಾಡೆಲನ್ನು ಪರೀಕ್ಷೆಗೆ ಒಡ್ಡಿದವರು ಬರ್ನಾರ್ಡ್ ಫಿಶರ್. 1971ರಲ್ಲಿ ಶುರುವಾದ ಪ್ರಯೋಗದಲ್ಲಿ 1,600ಕ್ಕೂ ಹೆಚ್ಚು ಮಹಿಳೆಯರಿದ್ದರು. ಕಂಕುಳಲ್ಲಿ ಗಂಟು ಸಿಗದವರಲ್ಲಿ ಗ್ರಂಥಿಗಳನ್ನು ಮೊದಲೇ ತೆಗೆದರೂ, ಬಿಟ್ಟು ಬೇಕಾದಾಗ ತೆಗೆದರೂ ಬದುಕುಳಿಯುವ ಪ್ರಮಾಣದಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. 25 ವರ್ಷ ಕಾದು ನೋಡಿದಾಗಲೂ ಅಷ್ಟೇ.

ಹಾಗಾದ್ರೆ ಗ್ರಂಥಿಗಳಿಗೆ ಬೆಲೆ ಇಲ್ವಾ? ಇದೆ. ರೋಗ ಎಷ್ಟು ದೂರ ಬಂದಿದೆ, ಯಾವ ಔಷಧಿ ಬೇಕು ಅಂತ ನಿರ್ಧರಿಸಲು ಅವು ನೆರವಾಗುತ್ತವೆ. ಈಗ ನೀಲಿ ಬಣ್ಣ ಅಥವಾ ವಿಕಿರಣದ ಗುರುತು ಕೊಟ್ಟು, ಅದು ಮೊದಲು ತಲುಪುವ ಒಂದೆರಡು 'ಕಾವಲು ಗ್ರಂಥಿ'ಗಳನ್ನು ಮಾತ್ರ ತೆಗೆದು ಪರೀಕ್ಷಿಸುತ್ತಾರೆ. ಅಲ್ಲಿ ರೋಗವಿಲ್ಲದಿದ್ದರೆ ಉಳಿದವನ್ನು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಎಲ್ಲವನ್ನೂ ತೆಗೆದರೆ ಕೆಲವರಿಗೆ ಕೈ ಊದಿಕೊಂಡು, ಕೊಡ ಎತ್ತೋದೂ ಕಷ್ಟವಾಗುತ್ತೆ. ಈ ವಿಧಾನದಲ್ಲಿ ಆ ಕಾಟ ತುಂಬಾ ಕಡಿಮೆ.

ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆಯ ಎಷ್ಟೋ ಮನೆಗಳಲ್ಲಿ ಅಮ್ಮಂದಿರು ಎದೆಯ ಗಂಟನ್ನು ಮುಚ್ಚಿಡುವುದಕ್ಕೆ ನಾಚಿಕೆಯಷ್ಟೇ ಕತ್ತರಿಯ ಭಯವೂ ಕಾರಣ. ಆ ಭಯ ಹಾಲ್‌ಸ್ಟೆಡ್ ಕಾಲದ್ದು, ಇವತ್ತಿನ ಕತ್ತರಿ ಅಷ್ಟು ದೊಡ್ಡದಲ್ಲ. ಈ ಸಲ ರಜೆಗೆ ಊರಿಗೆ ಹೋದಾಗ ಅಷ್ಟನ್ನಾದರೂ ಮನೆಯಲ್ಲಿ ಹೇಳೋಣ.