ಭಕ್ಷಕಕಣಗಳ ಶೋಧಕ ಮೆಚ್ನಿಕಾಫ್

ಮುಳ್ಳು ಚುಚ್ಚಿದ ಬೆರಳು ಎರಡು ದಿನಗಳಲ್ಲಿ ಕೆಂಪೇರಿ, ಊದಿಕೊಂಡು, ಕೀವುಗಟ್ಟುವುದನ್ನು ನಾವೆಲ್ಲರೂ ಬಲ್ಲೆವು. ಆ ಕೀವನ್ನು ಹೊಲಸೆಂದು ಒರೆಸಿ ಎಸೆಯುತ್ತೇವೆ. ನಿಜದಲ್ಲಿ ಅದರಲ್ಲಿ ರಾಶಿಯಾಗಿ ಬಿದ್ದಿರುವುವು ಒಳನುಗ್ಗಿದ ರೋಗಾಣುಗಳೊಡನೆ ಹೋರಾಡಿ ಮಡಿದ ನಮ್ಮದೇ ದೇಹದ ಕಣಗಳು. ಈ ಕಣಗಳು ದೇಹದ ಕಾವಲುಗಾರರೆಂಬುದನ್ನು ಲೋಕಕ್ಕೆ ಮನಗಾಣಿಸಿದ ವಿಜ್ಞಾನಿ ಎಲೀ ಮೆಚ್ನಿಕಾಫ್. ಅವನ ಜೀವನದಲ್ಲಿ ದುಃಖವೂ ಶೋಧವೂ ಹೆಣೆದುಕೊಂಡಿರುವ ರೀತಿ ವಿದ್ಯಾರ್ಥಿಗಳು ಅರಿಯತಕ್ಕುದಾಗಿದೆ.

ಮೆಚ್ನಿಕಾಫನು 1845ನೆಯ ಇಸವಿಯ ಮೇ ತಿಂಗಳಿನಲ್ಲಿ, ರಷ್ಯಾ ಸಾಮ್ರಾಜ್ಯಕ್ಕೆ ಸೇರಿದ್ದ ಖಾರ್ಕೊವ್ ಪ್ರಾಂತದ ಒಂದು ಹಳ್ಳಿಯಲ್ಲಿ ಜನಿಸಿದನು. ಆ ಪ್ರದೇಶವು ಈಗ ಯುಕ್ರೇನ್ ದೇಶದಲ್ಲಿದೆ. ತಂದೆ ಸೈನ್ಯದ ಅಧಿಕಾರಿ. ಹುಡುಗನಿಗೆ ವೈದ್ಯನಾಗುವ ಬಯಕೆಯಿತ್ತು. ಆದರೆ ಮಗನದು ಬಹಳ ಮೃದುವಾದ ಮನಸ್ಸು, ರೋಗಿಗಳ ನರಳಾಟವನ್ನು ಅವನು ಸಹಿಸಲಾರನು ಎಂದು ತಾಯಿ ಅವನನ್ನು ಆ ದಾರಿಯಿಂದ ತಿರುಗಿಸಿದಳು. ಅವನು ಪ್ರಾಣಿಶಾಸ್ತ್ರವನ್ನು ಆರಿಸಿಕೊಂಡನು. ಖಾರ್ಕೊವ್ ವಿಶ್ವವಿದ್ಯಾನಿಲಯದ ನಾಲ್ಕು ವರ್ಷಗಳ ವ್ಯಾಸಂಗವನ್ನು ಎರಡೇ ವರ್ಷಗಳಲ್ಲಿ ಮುಗಿಸಿ, ಜರ್ಮನಿ ಮತ್ತು ಇಟಲಿಗಳಿಗೆ ಹೋಗಿ, ಸಮುದ್ರದ ಚಿಕ್ಕ ಪ್ರಾಣಿಗಳ ಬೆಳವಣಿಗೆಯನ್ನು ಅಭ್ಯಾಸ ಮಾಡಿದನು.

ತಾಯಿ ಅಂಜಿದ್ದ ನೋವು ಮನೆಯ ಬಾಗಿಲಿಗೇ ಬಂದಿತು. 1869ರಲ್ಲಿ ಅವನು ಲುದ್ಮಿಲಾ ಎಂಬ ತರುಣಿಯನ್ನು ವಿವಾಹವಾದನು. ಆಗಲೇ ಅವಳಿಗೆ ಕ್ಷಯರೋಗವಿದ್ದಿತು. ನಡೆಯಲಾರದ ವಧುವನ್ನು ಕುರ್ಚಿಯಲ್ಲಿ ಕೂರಿಸಿ ವಿವಾಹಮಂದಿರಕ್ಕೆ ಹೊತ್ತು ತರಬೇಕಾಯಿತು. ಅಂದು ಕ್ಷಯಕ್ಕೆ ಮದ್ದಿರಲಿಲ್ಲ. ಕಾರಣವೇನೆಂಬುದೂ ತಿಳಿದಿರಲಿಲ್ಲ. ಬೆಚ್ಚಗಿನ ಹವೆ ಹಿತವಾದೀತೆಂಬ ಆಸೆಯಿಂದ ಅವಳನ್ನು ಊರಿಂದೂರಿಗೆ ಕರೆದೊಯ್ದನು. ಕೊನೆಗೆ 1873ರಲ್ಲಿ, ಅಟ್ಲಾಂಟಿಕ್ ಸಾಗರದ ಮದೀರಾ ದ್ವೀಪದಲ್ಲಿ ಲುದ್ಮಿಲಾ ತೀರಿಕೊಂಡಳು.

ಮೆಚ್ನಿಕಾಫನಿಗೆ ಬದುಕೇ ಬೇಡವೆನಿಸಿತು. ಪ್ರಾಣವನ್ನು ಕಳೆದುಕೊಳ್ಳಲು ಯತ್ನಿಸಿದನು, ದೈವವಶಾತ್ ಉಳಿದನು. ಆ ದಿನಗಳಲ್ಲಿ ಒಂದು ಸಂಜೆ ಜಿನೀವಾ ನಗರದ ಸೇತುವೆಯ ಮೇಲೆ ದೀಪವನ್ನು ಸುತ್ತುತ್ತಿದ್ದ ಹುಳುಗಳು ಅವನ ಕಣ್ಣಿಗೆ ಬಿದ್ದವು. ಇಷ್ಟು ಅಲ್ಪಾಯುಗಳಾದ ಈ ಜೀವಿಗಳು ಬದುಕಿನ ಹೋರಾಟದಲ್ಲಿ ಉಳಿದುಬಂದುದು ಹೇಗೆ ಎಂಬ ಪ್ರಶ್ನೆ ಮನಸ್ಸಿನಲ್ಲಿ ಮೂಡಿತು. ಪ್ರಶ್ನೆಯೊಡನೆ ಬದುಕುವ ಇಚ್ಛೆಯೂ ಮರಳಿತು. ಅವನ ಎರಡನೆಯ ಪತ್ನಿ ಓಲ್ಗಾ ಬರೆದ ಜೀವನಚರಿತ್ರೆಯಿಂದ ಈ ಸಂಗತಿ ನಮಗೆ ತಿಳಿಯುತ್ತದೆ.

1882ನೆಯ ಇಸವಿ ಎರಡು ಕಾರಣಗಳಿಂದ ಸ್ಮರಣೀಯವಾದುದು. ಆ ವರ್ಷದ ಮಾರ್ಚ್ 24ರಂದು ಬರ್ಲಿನ್ ನಗರದಲ್ಲಿ ರಾಬರ್ಟ್ ಕಾಕನು ಕ್ಷಯದ ರೋಗಾಣುವನ್ನು ತಾನು ಕಂಡುಹಿಡಿದುದಾಗಿ ಪ್ರಕಟಿಸಿದನು. ಅದೇ ವರ್ಷ ಮೆಚ್ನಿಕಾಫನು ಒಡೆಸ್ಸಾ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ ಹುದ್ದೆಯನ್ನು ಬಿಟ್ಟು, ಸಂಸಾರದೊಡನೆ ಸಿಸಿಲಿ ದ್ವೀಪದ ಮೆಸ್ಸಿನಾ ಊರಿಗೆ ಬಂದನು. ಒಂದು ದಿನ ಮನೆಯವರೆಲ್ಲರೂ ಸರ್ಕಸ್ಸಿನ ಕೋತಿಗಳ ಆಟ ನೋಡಲು ಹೋಗಿದ್ದರು. ಇವನೊಬ್ಬನೇ ಸೂಕ್ಷ್ಮದರ್ಶಕದ ಮುಂದೆ ಕುಳಿತು ನಕ್ಷತ್ರಮೀನಿನ ಮರಿಯನ್ನು ನೋಡುತ್ತಿದ್ದನು. ಆ ಮರಿ ಗಾಜಿನಂತೆ ಪಾರದರ್ಶಕ. ಒಳಗೆ ಅತ್ತಿತ್ತ ಹರಿದಾಡುವ ಕಣಗಳು ಚೆನ್ನಾಗಿ ಕಾಣುತ್ತಿದ್ದವು. ಹೊರಗಿನಿಂದ ಏನಾದರೂ ಒಳಹೊಕ್ಕರೆ ಈ ಕಣಗಳು ಅದನ್ನು ಎದುರಿಸುವುವೋ ಎಂಬ ಯೋಚನೆ ಅವನಿಗೆ ಹೊಳೆಯಿತು. ತೋಟದಿಂದ ಗುಲಾಬಿಯ ಮುಳ್ಳುಗಳನ್ನು ತಂದು ಮರಿಗಳಿಗೆ ಚುಚ್ಚಿದನು. ಆ ರಾತ್ರಿ ಅವನಿಗೆ ನಿದ್ರೆ ಹತ್ತಲಿಲ್ಲ. ಬೆಳಗಾಗೆದ್ದು ನೋಡಿದಾಗ ಕಣಗಳು ಗುಂಪುಗೂಡಿ ಮುಳ್ಳನ್ನು ಮುತ್ತಿದ್ದವು.

ಮುಂದೆ ನೀರಿನಲ್ಲಿರುವ ದಾಫ್ನಿಯಾ ಎಂಬ ಅತಿ ಚಿಕ್ಕ ಜೀವಿಯಲ್ಲಿ, ಈ ಕಣಗಳು ಶತ್ರುವನ್ನು ಮುತ್ತುವುದಷ್ಟೇ ಅಲ್ಲದೆ ನುಂಗಿ ಜೀರ್ಣಿಸುವುದನ್ನೂ ಕಂಡನು. ತಿನ್ನುವ ಕಣವೆಂಬ ಅರ್ಥದ ಗ್ರೀಕ್ ಮೂಲದ ಹೆಸರೊಂದು ಅವುಗಳಿಗೆ ಬಂದಿತು. ನಾವು ಭಕ್ಷಕಕಣವೆನ್ನೋಣ. ನಮ್ಮ ರಕ್ತದ ಬಿಳಿಯ ಕಣಗಳಲ್ಲಿ ಅನೇಕವು ಈ ಜಾತಿಯವು.

ಹೊಸ ಮಾತನ್ನು ಲೋಕ ಸುಲಭವಾಗಿ ಒಪ್ಪುವುದಿಲ್ಲ. ರೋಗಾಣುಗಳನ್ನು ಕೊಲ್ಲುವುದು ರಕ್ತದ ದ್ರವವೇ ಹೊರತು ಕಣಗಳಲ್ಲವೆಂದು ಅನೇಕ ಪಂಡಿತರು ವಾದಿಸಿದರು. ಆದರೆ ಲೂಯಿ ಪಾಶ್ಚರನು ಅವನ ಯೋಗ್ಯತೆಯನ್ನರಿತು, 1888ರಲ್ಲಿ ಪ್ಯಾರಿಸ್ಸಿನ ತನ್ನ ಸಂಸ್ಥೆಯಲ್ಲಿ ಪ್ರಯೋಗಶಾಲೆಯನ್ನು ಕೊಟ್ಟನು. ಮೆಚ್ನಿಕಾಫನು ಬಾಳಿನ ಉಳಿದ 28 ವರ್ಷಗಳನ್ನು ಅಲ್ಲಿಯೇ ಸವೆಸಿದನು. 1908ರ ನೊಬೆಲ್ ಪಾರಿತೋಷಕವನ್ನು ಅವನಿಗೂ, ರಕ್ತದ ದ್ರವದ ಶಕ್ತಿಯನ್ನು ಎತ್ತಿಹಿಡಿದ ಪಾಲ್ ಎರ್ಲಿಖನಿಗೂ ಹಂಚಲಾಯಿತು. ಎರಡು ಪಕ್ಷಗಳಲ್ಲಿಯೂ ಸತ್ಯವಿದ್ದಿತು.

ಮುಂಬಯಿಯ ಮಕ್ಕಳಾದ ನಮಗೆ ಈ ಮಹನೀಯನ ಋಣವೊಂದಿದೆ. ಒಡೆಸ್ಸಾದಲ್ಲಿ ಅವನ ಶಿಷ್ಯನಾಗಿದ್ದು, ಅನಂತರ ಪ್ಯಾರಿಸ್ಸಿನಲ್ಲಿಯೂ ಕೆಲಸ ಮಾಡಿದ ವಾಲ್ಡೆಮಾರ್ ಹಾಫ್ಕಿನನು, 1896ರಲ್ಲಿ ಈ ನಗರಕ್ಕೆ ಪ್ಲೇಗು ಬಂದಾಗ ಇಲ್ಲಿಗೆ ಬಂದು ಅದಕ್ಕೆ ಲಸಿಕೆಯನ್ನು ಸಿದ್ಧಪಡಿಸಿದನು; 1897ರ ಜನವರಿ 10ರಂದು ಅದನ್ನು ಮೊದಲು ತನ್ನ ಮೈಗೇ ಚುಚ್ಚಿಕೊಂಡನು. ಪರೇಲಿನ ಹಾಫ್ಕಿನ್ ಸಂಸ್ಥೆಗೆ 1925ರಿಂದ ಅವನ ಹೆಸರಿದೆ.

ಲುದ್ಮಿಲಾಳನ್ನು ಕೊಂಡೊಯ್ದ ಕ್ಷಯವನ್ನು ಮೆಚ್ನಿಕಾಫನು ಮರೆಯಲಿಲ್ಲ. 1911ರಲ್ಲಿ, ತನ್ನ 66ನೆಯ ವಯಸ್ಸಿನಲ್ಲಿ, ಆ ರೋಗವನ್ನು ಅಭ್ಯಾಸ ಮಾಡಲೆಂದು ರಷ್ಯಾದ ಕಲ್ಮಿಕ್ ಬಯಲುಸೀಮೆಗೆ ತಂಡವೊಂದನ್ನು ಕರೆದೊಯ್ದನು. 1916ರ ಜುಲೈ 15ರಂದು ಪ್ಯಾರಿಸ್ಸಿನಲ್ಲಿ ಕಣ್ಮುಚ್ಚಿದನು. ಅವನ ಚಿತಾಭಸ್ಮವನ್ನು ಪಾಶ್ಚರ್ ಸಂಸ್ಥೆಯ ಗ್ರಂಥಾಲಯದಲ್ಲಿ ಇರಿಸಲಾಯಿತು.

ಆದರೆ ಅವನು ತೊಡಗಿದ ಕಥೆ ಅಲ್ಲಿಗೆ ಮುಗಿಯಲಿಲ್ಲ. ಭಕ್ಷಕಕಣವು ರೋಗಾಣುವನ್ನು ಗುರುತಿಸುವುದು ಹೇಗೆ? ಅದಕ್ಕೆ ಕಣ್ಣಿಲ್ಲ, ಮುಟ್ಟಿಯೇ ತಿಳಿಯಬೇಕು. ಅನೇಕ ಸೂಕ್ಷ್ಮಜೀವಿಗಳ ಹೊರಮೈಯಲ್ಲಿ ಮ್ಯಾನೋಸ್ ಎಂಬ ಒಂದು ಬಗೆಯ ಸಕ್ಕರೆಯ ತುಣುಕುಗಳಿರುತ್ತವೆ. ಅವನ್ನು ಹಿಡಿಯಬಲ್ಲ ಪ್ರೋಟೀನುಗಳು ಭಕ್ಷಕಕಣದ ಮೈಮೇಲಿವೆ. ಸಕ್ಕರೆಯನ್ನು ಹಿಡಿಯುವ ಇಂತಹ ಪ್ರೋಟೀನುಗಳಿಗೆ ಲೆಕ್ಟಿನ್ ಎಂದು ಹೆಸರು. ಸಕ್ಕರೆ ಕೈಗೆ ಸಿಕ್ಕಿದೊಡನೆ ಕಣವು ಶತ್ರುವನ್ನು ಒಳಗೆಳೆದುಕೊಳ್ಳುತ್ತದೆ.

ಕ್ಷಯದ ರೋಗಾಣುವಿನ ಹೊದಿಕೆಯ ತುದಿಗಳಲ್ಲಿಯೂ ಇದೇ ಮ್ಯಾನೋಸ್ ಇದೆ. ಉಸಿರಿನೊಡನೆ ಶ್ವಾಸಕೋಶವನ್ನು ಸೇರಿದ ಈ ರೋಗಾಣುವನ್ನು ಅಲ್ಲಿನ ದೊಡ್ಡ ಭಕ್ಷಕಕಣವು ಲೆಕ್ಟಿನ್ ಕೈಗಳಿಂದ ಹಿಡಿದು ನುಂಗುತ್ತದೆಂಬುದು 1990ರ ದಶಕದ ಪ್ರಯೋಗಗಳಿಂದ ತಿಳಿದುಬಂದಿತು. 2003ರಲ್ಲಿ, ಕವಲುಗಳುಳ್ಳ ಇನ್ನೊಂದು ಜಾತಿಯ ರಕ್ಷಕಕಣದಲ್ಲಿಯೂ ಇಂತಹದೇ ಕೈ ಕಂಡುಬಂದಿತು. ಒಳಹೋಗಲು ರೋಗಾಣುವಿಗೆ ಬೇರೆ ಬಾಗಿಲುಗಳೂ ಇವೆ. ಸೋಜಿಗವೆಂದರೆ, ನುಂಗಲ್ಪಡುವುದೇ ಅದಕ್ಕೆ ಅನುಕೂಲ. ಭಕ್ಷಕಕಣದ ಹೊಟ್ಟೆಯಲ್ಲಿ ಜೀರ್ಣರಸದ ಚೀಲಗಳಿವೆ. ಅವು ತನ್ನಿರುವ ಕೋಣೆಯನ್ನು ಕೂಡದಂತೆ ರೋಗಾಣುವು ತಡೆಯಬಲ್ಲದು. ಹೀಗೆ ಕಾವಲುಗಾರನ ಮನೆಯಲ್ಲಿಯೇ ಕಳ್ಳನು ಸುಖವಾಗಿ ವಾಸಿಸುತ್ತಾನೆ. ಮೆಚ್ನಿಕಾಫನು ಯಾವ ಕಣಗಳನ್ನು ದೇಹದ ರಕ್ಷಕರೆಂದು ಸಾರಿದನೋ, ಅವುಗಳಲ್ಲಿಯೇ ಅವನ ಪತ್ನಿಯ ರೋಗವು ಮನೆಮಾಡಿಕೊಂಡಿದ್ದಿತು!

ಇದರಿಂದ ಅವನ ಶೋಧವು ಸುಳ್ಳಾಯಿತೇ? ಇಲ್ಲ. ಸೋಂಕು ತಗುಲಿದವರಲ್ಲಿ ಹೆಚ್ಚಿನವರಿಗೆ ಕ್ಷಯರೋಗವು ಬರುವುದೇ ಇಲ್ಲ. ರೋಗಾಣುವನ್ನು ಹದ್ದಿನಲ್ಲಿಡುವ ಕೆಲಸದಲ್ಲಿ ಈ ಕಣಗಳ ಪಾಲು ದೊಡ್ಡದು. ಅವನು ತೋರಿಸಿಕೊಟ್ಟ ಕಣಗಳನ್ನು ಹಿಡಿದು ಹೊರಟುದರಿಂದಲೇ ಅನಂತರದವರಿಗೆ ಕಳ್ಳನ ಉಪಾಯವೂ ತಿಳಿಯಿತು.

ಈ ತಿಳಿವಳಿಕೆ ನಮ್ಮ ನಿತ್ಯಜೀವನಕ್ಕೂ ಬೇಕಾದುದೇ. ಮುಂಬಯಿಯ ಕಿಕ್ಕಿರಿದ ಚಾಳುಗಳಲ್ಲಿ ಕ್ಷಯವು ಇನ್ನೂ ಇದೆ. ಲುದ್ಮಿಲಾಳ ಕಾಲದಲ್ಲಿ ಇಲ್ಲದ ಮದ್ದು ಇಂದು ಇದೆ. ಆದರೆ ಸಾಮಾನ್ಯವಾಗಿ ಆರು ತಿಂಗಳು ತಪ್ಪದೆ ಸೇವಿಸಬೇಕು. ಒಂದೆರಡು ತಿಂಗಳಲ್ಲಿ ಕೆಮ್ಮು ಅಡಗಿ, ಮೈ ತುಂಬಿಕೊಂಡಾಗ ಕೆಲವರು ಮದ್ದನ್ನು ಬಿಟ್ಟುಬಿಡುತ್ತಾರೆ. ಆಗಲೂ ಒಳಗೆ ಅಡಗಿ ಉಳಿದ ರೋಗಾಣುಗಳು ಮತ್ತೆ ತಲೆಯೆತ್ತುತ್ತವೆ. ಮದ್ದಿಗೆ ಬಗ್ಗದಂತೆಯೂ ಆಗಬಹುದು. ನೆರೆಹೊರೆಯಲ್ಲಿ ಯಾರಾದರೂ ಹೀಗೆ ಮದ್ದನ್ನು ನಡುವೆಯೇ ನಿಲ್ಲಿಸುವುದನ್ನು ಕಂಡರೆ, ಮೆಚ್ನಿಕಾಫನ ಕಣಗಳ ಕಥೆಯನ್ನು ನಾವು ಅವರಿಗೆ ಹೇಳೋಣ. ಕಾಯಿಲೆಯವರನ್ನು ದೂರ ತಳ್ಳದೆ, ಕೊನೆಯ ಗುಳಿಗೆಯವರೆಗೂ ಅವರ ಜೊತೆಯಲ್ಲಿ ನಿಲ್ಲೋಣ.