ಅಭ್ಯರ್ಥಿಯನ್ನು ಊರೇ ಆರಿಸಿತು: ರೈತ ಸಂಘಟಕ ಆರ್ಥರ್ ಟೌನ್‌ಲಿಯವರ ಜೀವನ



ನಮ್ಮ ಸಂಘ ಇಪ್ಪತ್ತೈದು ವರ್ಷ ತುಂಬಿ ರಜತ ಮಹೋತ್ಸವ ಆಚರಿಸುತ್ತಿರುವ ಈ ಶುಭ ಸಂದರ್ಭದಲ್ಲಿ ರೈತರನ್ನು ಒಗ್ಗೂಡಿಸಿದ ಹಿರಿಯರನ್ನು ನೆನೆಯುವುದು ನಮ್ಮೆಲ್ಲರ ಕರ್ತವ್ಯ. ಗದಗದ ಹತ್ತಿರ ಕಣಗಿನಹಾಳದಲ್ಲಿ 1905ರಲ್ಲೇ ಸಹಕಾರ ಸಂಘ ಕಟ್ಟಿದ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ವಿಚಾರ ನಾವೆಲ್ಲ ಕೇಳಿದ್ದೇವೆ. ಅದಾದ ಹತ್ತು ವರ್ಷಕ್ಕೆ ಸಾಗರದಾಚೆ, ಅಮೆರಿಕದ ನಾರ್ತ್ ಡಕೋಟಾ ಎಂಬ ರಾಜ್ಯದಲ್ಲಿ, ಸಾಲದಲ್ಲಿ ಮುಳುಗಿದ ಒಬ್ಬ ರೈತರು ಬೇರೊಂದು ದಾರಿ ಹಿಡಿದರು. ಶಾಸನಸಭೆಗೆ ಯಾರು ನಿಲ್ಲಬೇಕು ಅನ್ನೋದನ್ನು ಊರಿನ ರೈತರೇ ಕೂತು ತೀರ್ಮಾನಿಸುವಂತೆ ಮಾಡಿದರು. ಅವರ ಹೆಸರು ಆರ್ಥರ್ ಟೌನ್‌ಲಿ. ಅವರ ಬದುಕಿನಲ್ಲಿ ನಾವು ಕಲಿಯಬೇಕಾದದ್ದೂ ಇದೆ, ಎಚ್ಚರ ವಹಿಸಬೇಕಾದದ್ದೂ ಇದೆ. ಎರಡನ್ನೂ ಮುಚ್ಚಿಡದೆ ಹೇಳುತ್ತೇವೆ.

ಬಾಲ್ಯ ಮತ್ತು ಬೇಸಾಯ

ಟೌನ್‌ಲಿಯವರು ಹುಟ್ಟಿದ್ದು 1880ರ ಡಿಸೆಂಬರ್ 30ರಂದು, ಮಿನ್ನೆಸೋಟ ರಾಜ್ಯದ ಬ್ರೌನ್ಸ್ ವ್ಯಾಲಿ ಊರಿನ ಬಳಿ, ಒಕ್ಕಲು ಮನೆತನದಲ್ಲಿ. ಹೈಸ್ಕೂಲು ಮುಗಿಸಿ ಸ್ವಲ್ಪ ಕಾಲ ಮಾಸ್ತರಿಕೆ ಮಾಡಿದರು. ಆದರೆ ಮನಸ್ಸೆಲ್ಲ ಮಣ್ಣಿನ ಕಡೆಗೇ ಇತ್ತು. ಪಶ್ಚಿಮದಲ್ಲಿ ಹೊಸ ಭೂಮಿ ಸಿಗುತ್ತದೆ ಅಂತ ಕೇಳಿ ನಾರ್ತ್ ಡಕೋಟಾದ ಬೀಚ್ ಎಂಬ ಊರಿಗೆ ಹೋದರು. ಮಧ್ಯೆ ಕೊಲರಾಡೋ ರಾಜ್ಯದಲ್ಲಿ ಗೋಧಿ ಬೆಳೆಯಲು ಹೋಗಿ ಕೈ ಸುಟ್ಟುಕೊಂಡು ಬಂದರು. ಮತ್ತೆ ಬೀಚ್‌ಗೆ ಬಂದು ಅಗಸೆ ಬಿತ್ತಿದರು. ಯಂತ್ರ, ಬೀಜ ಎಲ್ಲವನ್ನೂ ಸಾಲದಲ್ಲಿ ತಂದು ವರ್ಷ ವರ್ಷ ಜಮೀನು ಹೆಚ್ಚಿಸುತ್ತಾ ಹೋದರು. ಸಾವಿರಾರು ಎಕರೆ ಬಿತ್ತಿದ ಅವರನ್ನು ಜನ ಅಗಸೆ ದೊರೆ ಅಂತಲೇ ಕರೆಯುತ್ತಿದ್ದರು.

ದೊರೆತನ ಬಹಳ ದಿನ ಉಳಿಯಲಿಲ್ಲ. 1912ರಲ್ಲಿ ಹಿಮ ಬೇಗ ಬಿದ್ದು ಬೆಳೆ ಹಾಳಾಯಿತು, ಉಳಿದಿದ್ದಕ್ಕೆ ಬೆಲೆಯೂ ಬಿತ್ತು. ತಲೆಯ ಮೇಲೆ ಸುಮಾರು 80 ಸಾವಿರ ಡಾಲರ್ ಸಾಲ ಉಳಿಯಿತು. ಬೆಳೆದವನೇ ಬೀದಿಗೆ ಬಂದ. ನಮ್ಮ ಸೀಮೆಯ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ರೈತರ ಗೋಳು

ಆ ರಾಜ್ಯದ ಮುಖ್ಯ ಬೆಳೆ ಗೋಧಿ. ಆದರೆ ಗೋಧಿಯ ಪೇಟೆ ಇದ್ದದ್ದು ಪಕ್ಕದ ರಾಜ್ಯದ ಮಿನಿಯಾಪೊಲಿಸ್ ನಗರದಲ್ಲಿ. ಕಾಳಿನ ದರ್ಜೆ ಗೊತ್ತು ಮಾಡುವವರು, ಉಗ್ರಾಣದವರು, ರೈಲು ಕಂಪನಿಯವರು, ಹಿಟ್ಟಿನ ಗಿರಣಿಯವರು ಎಲ್ಲರೂ ಹೊರಗಿನವರೇ. ಕಾಳು ಸೊರಗಿದೆ, ಕಸ ಇದೆ ಅಂತ ಕೆಳಗಿನ ದರ್ಜೆಗೆ ಹಾಕಿದರೆ ರೈತ ಬಾಯಿ ಮುಚ್ಚಿಕೊಂಡು ಕೊಟ್ಟದ್ದು ತಗೊಂಡು ಬರಬೇಕು. ಕೀಳು ಅಂತ ತಳ್ಳಿದ ಗೋಧಿಯಿಂದಲೂ ಒಳ್ಳೆಯ ಹಿಟ್ಟು ಬರುತ್ತದೆ ಎಂಬುದನ್ನು ಆ ರಾಜ್ಯದ ಕೃಷಿ ಕಾಲೇಜಿನ ರಸಾಯನ ಶಾಸ್ತ್ರಜ್ಞ ಎಡ್ವಿನ್ ಲ್ಯಾಡ್ ಅವರು ಗಿರಣಿಯಲ್ಲಿ ಬೀಸಿ ತೋರಿಸಿದರು. ಸಾಲಕ್ಕೆ ಹೋದರೆ ನೂರಕ್ಕೆ ಹತ್ತು, ಅದಕ್ಕೂ ಮಿಕ್ಕಿ ಬಡ್ಡಿ.

ಸರ್ಕಾರವೇ ಒಂದು ದೊಡ್ಡ ಉಗ್ರಾಣ ಕಟ್ಟಲಿ ಅಂತ ರೈತರು ಕೇಳಿದರು. 1912ರಲ್ಲಿ ಒಮ್ಮೆ, 1914ರಲ್ಲಿ ಇನ್ನೊಮ್ಮೆ ಜನಮತದಲ್ಲಿ ಇದಕ್ಕೆ ಒಪ್ಪಿಗೆಯೂ ಸಿಕ್ಕಿತು. ಆದರೂ 1915ರ ಶಾಸನಸಭೆ ಅದನ್ನು ತಳ್ಳಿಹಾಕಿತು. ಕೇಳಲು ಹೋದ ರೈತರಿಗೆ ಊರಿಗೆ ಹೋಗಿ ಹಂದಿಗಳಿಗೆ ಮೇವು ಹಾಕಿಕೊಂಡಿರಿ ಎಂದು ಒಬ್ಬ ಶಾಸಕರು ಹೇಳಿದರು ಅಂತ ಸುದ್ದಿ ಹಬ್ಬಿತು. ತಾನು ಹಾಗೆ ಹೇಳಲಿಲ್ಲ ಅಂತ ಆ ಶಾಸಕರು ಆಮೇಲೆ ನಿರಾಕರಿಸಿದರು. ಆದರೆ ಮಾತು ಆಗಲೇ ಹಳ್ಳಿ ಹಳ್ಳಿ ಸೇರಿ ಬೆಂಕಿ ಹತ್ತಿಸಿತ್ತು.

ಲೀಗಿನ ಹುಟ್ಟು

ಬೇಸಾಯ ಕಳಕೊಂಡ ಟೌನ್‌ಲಿಯವರು ಕೆಲಕಾಲ ಸಮಾಜವಾದಿ ಪಕ್ಷಕ್ಕೆ ಸಂಘಟಕರಾಗಿ ಊರೂರು ತಿರುಗಿದ್ದರು. ಅಲ್ಲಿ ಅವರಿಗೆ ಒಂದು ಸಂಗತಿ ಹೊಳೆಯಿತು. ರೈತರಿಗೆ ಆ ಪಕ್ಷದ ಬೇಡಿಕೆಗಳು ಬೇಕು, ಪಕ್ಷದ ಹೆಸರು ಬೇಡ. ಹಾಗಾದರೆ ಹೊಸ ಪಕ್ಷ ಯಾಕೆ? ಗೆಲ್ಲುವ ಪಕ್ಷದ ಒಳಗೇ ನಮ್ಮವರನ್ನು ನಿಲ್ಲಿಸಿದರೆ ಆಯಿತಲ್ಲ?

ಇದಕ್ಕೆ ಅಲ್ಲಿನ ಕಾನೂನಿನಲ್ಲೇ ದಾರಿ ಇತ್ತು. ನಮ್ಮಲ್ಲಿ ವಿಧಾನಸಭೆಯ ಟಿಕೆಟ್ಟನ್ನು ಪಕ್ಷದ ದೊಡ್ಡವರು ಬೆಂಗಳೂರಿನಲ್ಲೋ ದೆಹಲಿಯಲ್ಲೋ ಕೂತು ತೀರ್ಮಾನಿಸುತ್ತಾರೆ. ಅಮೆರಿಕದ ಹಲವು ರಾಜ್ಯಗಳಲ್ಲಿ ಹಾಗಲ್ಲ. ಮುಖ್ಯ ಚುನಾವಣೆಗೆ ಮೊದಲು ಪ್ರಾಥಮಿಕ ಚುನಾವಣೆ ಅಂತ ಇನ್ನೊಂದು ನಡೆಯುತ್ತದೆ. ಒಂದೇ ಪಕ್ಷದ ಟಿಕೆಟ್ ಬೇಕೆನ್ನುವ ನಾಲ್ಕಾರು ಮಂದಿ ಅದರಲ್ಲಿ ನಿಲ್ಲಬಹುದು, ಅವರಲ್ಲಿ ಯಾರು ಎಂಬುದನ್ನು ಮತದಾರರೇ ಓಟು ಹಾಕಿ ಗೊತ್ತು ಮಾಡುತ್ತಾರೆ. ನಾರ್ತ್ ಡಕೋಟಾದಲ್ಲಿ 1907ರಲ್ಲೇ ಈ ಕಾನೂನು ಬಂದಿತ್ತು. ಅಲ್ಲಿ ರಿಪಬ್ಲಿಕನ್ ಪಕ್ಷದ್ದೇ ಮೇಲುಗೈ ಆದ್ದರಿಂದ ಜೂನ್ ತಿಂಗಳಲ್ಲಿ ಆ ಪಕ್ಷದ ಟಿಕೆಟ್ ಗೆದ್ದವನೇ ನವೆಂಬರಿನಲ್ಲಿ ಶಾಸಕ. ಆದರೆ ಆ ಮೊದಲ ಓಟಿಗೆ ರೈತರು ಹೋಗುತ್ತಿದ್ದುದೇ ಕಡಿಮೆ. ಬಾಗಿಲು ತೆರೆದೇ ಇತ್ತು, ಒಳಗೆ ಹೋಗುವವರು ಇರಲಿಲ್ಲ.

1915ರ ಫೆಬ್ರವರಿಯಲ್ಲಿ ಡೀರಿಂಗ್ ಊರಿನ ಬಳಿ ಫ್ರೆಡ್ ವುಡ್ ಎಂಬ ರೈತರ ಮನೆಯಲ್ಲಿ ಟೌನ್‌ಲಿಯವರು ನಾನ್‌ಪಾರ್ಟಿಸನ್ ಲೀಗ್, ಅಂದರೆ ಪಕ್ಷಾತೀತ ರೈತ ಕೂಟ, ಆರಂಭಿಸಿದರು. ಸಂಘಟಕರು ಫೋರ್ಡ್ ಕಾರುಗಳಲ್ಲಿ ಹೊಲದಿಂದ ಹೊಲಕ್ಕೆ ಹೋದರು. ಸದಸ್ಯತ್ವದ ಹಣ ಮೊದಲು ಎರಡೂವರೆ ಡಾಲರ್ ಇದ್ದದ್ದು ಬೇಗನೆ ಆರಾಯಿತು, ಆಮೇಲೆ ಒಂಬತ್ತಾಯಿತು. ಕೈಯಲ್ಲಿ ಕಾಸಿಲ್ಲದವರಿಂದ ಸುಗ್ಗಿಯ ತಾರೀಖು ಹಾಕಿದ ಚೆಕ್ಕು ಪಡೆದರು. ಹಣ ಕೊಟ್ಟವನೇ ಸಂಘವನ್ನು ತನ್ನದು ಅಂತ ಕಾಯುತ್ತಾನೆ ಎಂಬುದು ಅವರ ಲೆಕ್ಕ. ಅದೇ ವರ್ಷ ಸೆಪ್ಟೆಂಬರಿನಲ್ಲಿ ಸ್ವಂತ ಪತ್ರಿಕೆಯೂ ಹೊರಟಿತು. ಲೀಗಿನ ಗುರುತು ಆಡು, ಯಾರು ಎಳೆದರೂ ಜಗ್ಗದ ಪ್ರಾಣಿ. 1916ರ ಕೊನೆಯ ಹೊತ್ತಿಗೆ ಸದಸ್ಯರು ಸುಮಾರು 40 ಸಾವಿರ.

ಊರಿನ ಸಭೆಯಿಂದ ಶಾಸನಸಭೆಗೆ

1916ರ ಫೆಬ್ರವರಿ 22ರಂದು ರಾಜ್ಯದ ಉದ್ದಗಲಕ್ಕೂ ಲೀಗಿನ ರೈತರು ತಮ್ಮ ತಮ್ಮ ಮತಗಟ್ಟೆಯ ಪ್ರದೇಶದಲ್ಲಿ ಸಭೆ ಸೇರಿದರು. ಪ್ರತಿ ಸಭೆ ಒಬ್ಬ ಪ್ರತಿನಿಧಿಯನ್ನು ಆರಿಸಿತು. ಆ ಪ್ರತಿನಿಧಿಗಳು ಕ್ಷೇತ್ರವಾರು ಕೂಡಿ ಶಾಸನಸಭೆಗೆ ಯಾರು ನಿಲ್ಲಬೇಕೆಂದು ಗೊತ್ತು ಮಾಡಿದರು. ಇಲ್ಲಿ ಒಂದು ಕಟ್ಟುಪಾಡು ಇತ್ತು. ನನಗೇ ಕೊಡಿ ಅಂತ ಮುಂದೆ ನುಗ್ಗಿ ಬರುವವನ ಮೇಲೆ ಅನುಮಾನ. ಹುದ್ದೆ ಮನುಷ್ಯನನ್ನು ಹುಡುಕಿಕೊಂಡು ಹೋಗಬೇಕೇ ಹೊರತು ಮನುಷ್ಯ ಹುದ್ದೆಯ ಹಿಂದೆ ಬೀಳಬಾರದು ಎಂಬುದು ಅವರ ನಂಬಿಕೆ. ಹೀಗಾಗಿ ಆಯ್ಕೆಯಾದವರಲ್ಲಿ ಬಹುಪಾಲು ಉಳುವ ರೈತರೇ. ಭಾಷಣ ಬಾರದವರು, ರಾಜಧಾನಿ ಕಾಣದವರು.

ಮಾರ್ಚ್ ಕೊನೆಯಲ್ಲಿ ಫಾರ್ಗೋ ನಗರದಲ್ಲಿ ಸಮಾವೇಶ ಸೇರಿತು. ಗವರ್ನರ್ ಹುದ್ದೆಗೆ, ಅಂದರೆ ನಮ್ಮ ಮುಖ್ಯಮಂತ್ರಿಯಂಥ ಸ್ಥಾನಕ್ಕೆ, ಹೂಪಲ್ ಎಂಬ ಊರಿನ ರೈತ ಲಿನ್ ಫ್ರೇಜಿಯರ್ ಅವರನ್ನು ಆರಿಸಿದರು. ಟೌನ್‌ಲಿಯವರು ತಾವು ಯಾವ ಸ್ಥಾನಕ್ಕೂ ನಿಲ್ಲಲಿಲ್ಲ. ಜೂನ್ 28ರ ಪ್ರಾಥಮಿಕ ಚುನಾವಣೆಯಲ್ಲಿ ಫ್ರೇಜಿಯರ್ ರಿಪಬ್ಲಿಕನ್ ಟಿಕೆಟ್ ಗೆದ್ದರು. ನವೆಂಬರಿನಲ್ಲಿ ನೂರಕ್ಕೆ ಸುಮಾರು 79 ಮತ ಬಿದ್ದವು. ಕೆಳಮನೆ ಲೀಗಿನ ಕೈಗೆ ಬಂತು. ಲೀಗ್ ಹುಟ್ಟಿದ ಮನೆಯ ಮಗ ಹೊವಾರ್ಡ್ ವುಡ್ 1917ರಲ್ಲಿ ಆ ಮನೆಯ ಸ್ಪೀಕರ್ ಆದರು.

ಮೇಲ್ಮನೆಯಲ್ಲಿ ಅರ್ಧದಷ್ಟು ಹಳಬರ ಅವಧಿ ಮುಗಿದಿರಲಿಲ್ಲ. ಅವರು ಅಡ್ಡ ನಿಂತರು. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಅನ್ನುವ ಹಾಗಾಯಿತು. ರೈತರು ಎದೆಗುಂದಲಿಲ್ಲ. 1918ರಲ್ಲಿ ಅದೇ ಊರಿನ ಸಭೆ, ಅದೇ ಪ್ರಾಥಮಿಕ ಚುನಾವಣೆ. ಈ ಸಲ ಎರಡೂ ಮನೆ ದಕ್ಕಿದವು.

ಕಟ್ಟಿದ್ದು

1919ರ ಅಧಿವೇಶನದಲ್ಲಿ ಕೆಲಸ ಭರದಿಂದ ನಡೆಯಿತು. 20 ಲಕ್ಷ ಡಾಲರ್ ಬಂಡವಾಳದಲ್ಲಿ ಸರ್ಕಾರಿ ಬ್ಯಾಂಕು, ಸರ್ಕಾರಿ ಹಿಟ್ಟಿನ ಗಿರಣಿ ಮತ್ತು ಉಗ್ರಾಣ, ಆಲಿಕಲ್ಲು ಮಳೆಗೆ ಬೆಳೆವಿಮೆ, ಕೂಲಿಕಾರರಿಗೆ ಅಪಘಾತ ಪರಿಹಾರ ಎಲ್ಲಕ್ಕೂ ಕಾನೂನು ಬಂತು. ಬ್ಯಾಂಕ್ ಆಫ್ ನಾರ್ತ್ ಡಕೋಟಾ 1919ರ ಜುಲೈ 28ರಂದು ಬಾಗಿಲು ತೆರೆಯಿತು. ವಿರೋಧಿಗಳು ಕೋರ್ಟಿಗೆ ಹೋದರು. 1920ರಲ್ಲಿ ದೇಶದ ಸುಪ್ರೀಂ ಕೋರ್ಟು ರೈತರ ಪರವಾಗಿ ತೀರ್ಪು ಕೊಟ್ಟಿತು. ಗ್ರಾಂಡ್ ಫೋರ್ಕ್ಸ್ ಊರಿನ ಗಿರಣಿ 1922ರಲ್ಲಿ ಪೂರ್ತಿಯಾಯಿತು.

ಇಳಿಗಾಲ

ಇಷ್ಟರಲ್ಲಿ ಮೊದಲ ಮಹಾಯುದ್ಧ ಬಂದು ಹೋಗಿತ್ತು. ಯುದ್ಧದಲ್ಲಿ ಲಾಭ ಹೊಡೆಯುವ ಧನಿಕರನ್ನು ಟೀಕಿಸಿದ ಲೀಗಿಗೆ ದೇಶದ್ರೋಹದ ಹಣೆಪಟ್ಟಿ ಹಚ್ಚಿದರು. ಸೈನ್ಯಕ್ಕೆ ಸೇರುವವರನ್ನು ತಡೆಯಲು ಸಂಚು ಮಾಡಿದರು ಅಂತ ಮಿನ್ನೆಸೋಟದ ಒಂದು ಕೋರ್ಟಿನಲ್ಲಿ 1919ರಲ್ಲಿ ಟೌನ್‌ಲಿಯವರಿಗೆ ಶಿಕ್ಷೆಯಾಯಿತು. 1921ರ ಕೊನೆಯಲ್ಲಿ ಜೈಲಿಗೆ ಹೋಗಿ 90 ದಿನಗಳ ಸಜೆ ಅನುಭವಿಸಿದರು.

ಆದರೆ ತಪ್ಪೆಲ್ಲ ಹೊರಗಿನವರದ್ದೇ ಅಂದರೆ ಸತ್ಯಕ್ಕೆ ದೂರವಾದೀತು. ಅಭ್ಯರ್ಥಿಗಳನ್ನು ಆರಿಸಿದವರು ರೈತರು. ಆದರೆ ಲೀಗಿನ ಆಡಳಿತ, ಹಣ, ಪತ್ರಿಕೆ ಇದ್ದದ್ದು ಟೌನ್‌ಲಿ ಮತ್ತು ಅವರ ಹತ್ತಿರದ ಎರಡು ಮೂರು ಮಂದಿಯ ಕೈಯಲ್ಲಿ. ನೂರು ನೂರು ಡಾಲರ್ ಕಟ್ಟಿಸಿಕೊಂಡು ತೆರೆದ ರೈತರ ಅಂಗಡಿಗಳು ನಷ್ಟದಲ್ಲಿ ಮುಳುಗಿದವು. ಲೆಕ್ಕ ಕೇಳಿದವರಿಗೆ ತೃಪ್ತಿಯ ಉತ್ತರ ಸಿಗಲಿಲ್ಲ. ಯುದ್ಧ ಮುಗಿದು ಧಾನ್ಯದ ಬೆಲೆ ಬಿದ್ದಾಗ ಅಸಮಾಧಾನ ಬೆಳೆಯಿತು. 1921ರ ಅಕ್ಟೋಬರ್ 28ರಂದು ಮತದಾರರು ಅವಧಿ ಮುಗಿಯುವ ಮೊದಲೇ ಗವರ್ನರ್ ಫ್ರೇಜಿಯರ್ ಅವರನ್ನು ಕೆಳಗಿಳಿಸಿದರು. ಅಮೆರಿಕದ ಚರಿತ್ರೆಯಲ್ಲಿ ಹೀಗೆ ಇಳಿದ ಮೊದಲ ಗವರ್ನರ್ ಅವರೇ.

ಅದೇ ದಿನ ಇನ್ನೊಂದು ವಿಶೇಷವೂ ನಡೆಯಿತು. ಬ್ಯಾಂಕನ್ನೂ ಮುಚ್ಚಬೇಕೇ ಅಂತ ಮತ ಕೇಳಿದಾಗ ಜನ ಬೇಡ ಅಂದರು. ಮುಖಂಡರನ್ನು ಇಳಿಸಿದ ಕೈಯೇ ಸಂಸ್ಥೆಯನ್ನು ಉಳಿಸಿಕೊಂಡಿತು. ಮರುವರ್ಷ ಫ್ರೇಜಿಯರ್ ಮತ್ತೆ ಪ್ರಾಥಮಿಕ ಚುನಾವಣೆಯನ್ನೇ ಗೆದ್ದು ದೆಹಲಿಯ ರಾಜ್ಯಸಭೆಯಂಥ ಸೆನೆಟ್‌ಗೆ ಹೋಗಿ 1941ರ ತನಕ ಅಲ್ಲಿದ್ದರು.

ಟೌನ್‌ಲಿಯವರು 1922ರಲ್ಲಿ ಲೀಗ್ ಬಿಟ್ಟರು. ಎಣ್ಣೆ ಬಾವಿ ತೋಡಿಸಲು ಹೋದರು, ಅದು ಕೈಗೂಡಲಿಲ್ಲ. ಆಮೇಲೆ ತಾವೇ ಹಲವು ಸಲ ಚುನಾವಣೆಗೆ ನಿಂತು ಸೋತರು. ಸಾವಿರಾರು ರೈತರನ್ನು ಒಟ್ಟುಗೂಡಿಸಿ ಬೇರೆಯವರನ್ನು ಗೆಲ್ಲಿಸಿದ ಮನುಷ್ಯನಿಗೆ ತನ್ನ ಹೆಸರಿನಲ್ಲಿ ಒಂದು ಸ್ಥಾನವೂ ಸಿಗಲಿಲ್ಲ. ವಯಸ್ಸಾದ ಮೇಲೆ ವಿಚಾರವೂ ತಿರುಗಿತು. 1956ರಲ್ಲಿ ಸೆನೆಟ್‌ಗೆ ನಿಂತಾಗ ಟೆಲಿವಿಷನ್‌ನಲ್ಲಿ ಮಾತಾಡುತ್ತಾ ರೈತರದ್ದೇ ಒಂದು ಸಹಕಾರಿ ಒಕ್ಕೂಟವನ್ನು ಕಮ್ಯುನಿಸ್ಟರ ಕೂಟ ಅಂತ ಆರೋಪಿಸಿದರು. ಹಿಂದೆ ತಮ್ಮ ಮೇಲೆ ಹಾಕಿದ್ದ ಕೆಸರನ್ನು ತಾವೇ ಇನ್ನೊಬ್ಬರ ಮೇಲೆ ಎರಚಿದಂತಾಯಿತು. 1959ರ ನವೆಂಬರ್ 7ರಂದು ನಾರ್ತ್ ಡಕೋಟಾದ ಮಕೋಟಿ ಎಂಬ ಊರಿನ ಬಳಿ ಅವರ ಕಾರು ಲಾರಿಗೆ ಬಡಿದು ತೀರಿಕೊಂಡರು. ಆಗ ಅವರಿಗೆ 78 ವರ್ಷ.

ನಮಗೆ ಉಳಿಯುವ ಮಾತು

ಅವರು ಹೋದರು, ಆದರೆ ಬ್ಯಾಂಕು ಇಂದಿಗೂ ನಡೆಯುತ್ತಿದೆ. ಗಿರಣಿಯೂ ಇಂದಿಗೂ ಗೋಧಿ ಬೀಸುತ್ತಿದೆ. ನೂರು ವರ್ಷ ದಾಟಿದ ಆ ಸಂಸ್ಥೆಗಳಿಗೆ ಅಡಿಪಾಯ ಹಾಕಿದ್ದು ಚಳಿಗಾಲದ ಒಂದು ದಿನ ತಮ್ಮ ಊರಿನಲ್ಲಿ ಸಭೆ ಸೇರಿ, ನಮ್ಮ ಪರವಾಗಿ ಯಾರು ಹೋಗಬೇಕು ಅಂತ ಕೇಳಿಕೊಂಡ ಸಾಮಾನ್ಯ ರೈತರು.

ಓಟು ಹಾಕುವ ದಿನ ನಮ್ಮ ಮುಂದೆ ಬರುವುದು ಬೇರೆಯವರು ಆರಿಸಿಟ್ಟ ಹೆಸರುಗಳು. ಆ ಹೆಸರುಗಳನ್ನು ಆರಿಸುವ ದಿನವೇ ಅರ್ಧ ಚುನಾವಣೆ ಮುಗಿದಿರುತ್ತದೆ. ವಿಧಾನಸಭೆಯ ಟಿಕೆಟ್ ನಮ್ಮ ಕೈಯಲ್ಲಿಲ್ಲ, ನಿಜ. ಆದರೆ ನಮ್ಮ ಸಂಘದ ನಿರ್ದೇಶಕರ ಸ್ಥಾನಕ್ಕೆ ಯಾರು ನಾಮಪತ್ರ ಹಾಕಬೇಕು ಎಂಬುದು ನಮ್ಮ ಕೈಯಲ್ಲೇ ಇದೆ. ಬಾ ಅಂತ ಕರೆದರೂ ಹಿಂಜರಿಯುವ ಪ್ರಾಮಾಣಿಕರನ್ನು ಮನೆಗೆ ಹೋಗಿ ಒಪ್ಪಿಸೋಣ. ಹಾಗೆ ಆರಿಸಿ ಕಳಿಸಿದ ಮೇಲೆ ಕಣ್ಣು ಮುಚ್ಚಿ ಕೂರದೆ, ವಾರ್ಷಿಕ ಮಹಾಸಭೆಗೆ ತಪ್ಪದೆ ಬಂದು ಜಮಾ ಖರ್ಚಿನ ಲೆಕ್ಕ ಕೇಳೋಣ. ಎಷ್ಟೇ ದೊಡ್ಡ ಮುಖಂಡರಾದರೂ ಸಂಘಕ್ಕಿಂತ ದೊಡ್ಡವರಲ್ಲ.

ರಜತ ಮಹೋತ್ಸವ ಕಂಡ ನಮ್ಮ ಸಂಘ ಸುವರ್ಣ ಮಹೋತ್ಸವವನ್ನೂ, ಶತಮಾನೋತ್ಸವವನ್ನೂ ಕಾಣಲಿ ಎಂದು ಹಾರೈಸುತ್ತೇವೆ.