ನೀರಿನ ಇಂಜಿನಿಯರ್ ವಿಶ್ವೇಶ್ವರಯ್ಯ

ಎಂಟನೇ ತರಗತಿಯಲ್ಲಿದ್ದಾಗ ಇದೇ ಶಾಲೆಯ ವೇದಿಕೆಯ ಮೇಲೆ ಸರ್ ಎಂ. ವಿಶ್ವೇಶ್ವರಯ್ಯನವರ ಬಗ್ಗೆ ಭಾಷಣ ಮಾಡಿದ್ದೆ. ಕನ್ನಂಬಾಡಿ ಕಟ್ಟೆ, ದಿವಾನಗಿರಿ, ಭಾರತರತ್ನ, ಇಷ್ಟರಲ್ಲೇ ಭಾಷಣ ಮುಗಿದಿತ್ತು. ಅಂದು ಬಿಟ್ಟುಹೋದ ಭಾಗವನ್ನು ಈ ಸುವರ್ಣ ಮಹೋತ್ಸವದ ಸಂಚಿಕೆಯಲ್ಲಿ ಬರೆಯುತ್ತಿದ್ದೇನೆ.

ವಿಶ್ವೇಶ್ವರಯ್ಯನವರು ಹುಟ್ಟಿದ್ದು 1861ರಲ್ಲಿ, ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿಯಲ್ಲಿ. ತಂದೆ ಶ್ರೀನಿವಾಸ ಶಾಸ್ತ್ರಿಗಳು, ತಾಯಿ ವೆಂಕಟಲಕ್ಷ್ಮಮ್ಮ. ಚಿಕ್ಕಂದಿನಲ್ಲೇ ತಂದೆಯನ್ನು ಕಳೆದುಕೊಂಡ ಅವರು ಬೆಂಗಳೂರಿನಲ್ಲಿ ಸೋದರಮಾವನ ಆಸರೆಯಲ್ಲಿ, ಮನೆಪಾಠ ಹೇಳಿಕೊಡುತ್ತಾ ಓದಿದರು. ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ. ಮುಗಿಸಿ, ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಿಂದ ಪುಣೆಯಲ್ಲಿ ಇಂಜಿನಿಯರಿಂಗ್ ಕಲಿತರು. 1884ರಲ್ಲಿ ಮುಂಬೈ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಗೆ ಸಹಾಯಕ ಇಂಜಿನಿಯರ್ ಆಗಿ ಸೇರಿದರು.

ಹತ್ತು ವರ್ಷದ ನಂತರ ಅವರನ್ನು ಸಿಂಧ್ ಪ್ರಾಂತ್ಯದ ಸಕ್ಕರ್ ಎಂಬ ಊರಿಗೆ ಕಳಿಸಲಾಯಿತು. ಇಂದು ಅದು ಪಾಕಿಸ್ತಾನದಲ್ಲಿದೆ. ಪಕ್ಕದಲ್ಲೇ ಸಿಂಧೂ ನದಿ ಹರಿಯುತ್ತಿದ್ದರೂ ಅದರ ನೀರು ಕೆಸರು. ನೀರು ಸೋಸುವ ತೊಟ್ಟಿಗಳನ್ನು ಕಟ್ಟಲು ಪುರಸಭೆಯ ಬಳಿ ಹಣವಿಲ್ಲ. ವಿಶ್ವೇಶ್ವರಯ್ಯನವರು ದಡದ ಹತ್ತಿರ ನದಿಯ ಪಾತ್ರದಲ್ಲೇ ಆಳವಾದ ಬಾವಿ ತೋಡಿಸಿ, ಅಲ್ಲಿಂದ ನದಿಯ ತಳದ ಮರಳಿನಡಿ ಸುರಂಗ ಕೊರೆಸಿದರು. ಮರಳಿನಲ್ಲಿ ಇಂಗಿ ತಾನಾಗಿಯೇ ಸೋಸಿದ ನೀರು ಬಾವಿಗೆ ಬಂತು. ಅದನ್ನು ಪಂಪಿನಿಂದ ಗುಡ್ಡದ ಮೇಲಕ್ಕೆ ಏರಿಸಿ, ಕೊಳವೆಗಳಲ್ಲಿ ಊರಿಗೆ ಹರಿಸಿದರು. ಆಗ ಅವರ ವಯಸ್ಸು ಸುಮಾರು ಮೂವತ್ತಮೂರು, ಹೆಚ್ಚುಕಡಿಮೆ ಇಂದು ನನಗಿರುವಷ್ಟೇ.

ಮುಂದೆ ಪುಣೆಗೆ ಬಂದಾಗ ಅವರ ಮುಂದಿದ್ದದ್ದು ಖಡಕ್‌ವಾಸ್ಲಾದ ಹಳೆಯ ಅಣೆಕಟ್ಟು. ಪ್ರತಿ ಮಳೆಗಾಲ ಅದರ ಕೋಡಿಯ ಮೇಲೆ ನೀರು ಹರಿದುಹೋಗುತ್ತಿತ್ತು, ಬೇಸಿಗೆಯಲ್ಲಿ ಕೊರತೆ. ಅವರು ಅಣೆಕಟ್ಟನ್ನು ಎತ್ತರಿಸುವ ಗೋಜಿಗೆ ಹೋಗದೆ ಕೋಡಿಯ ಮೇಲೆ ಸ್ವಯಂಚಾಲಿತ ಬಾಗಿಲುಗಳನ್ನು ಕೂರಿಸಿದರು. ನೀರು ಗೊತ್ತಾದ ಮಟ್ಟ ಮುಟ್ಟಿದರೆ ಅವು ತಾವೇ ತೆರೆಯುತ್ತವೆ, ಇಳಿದರೆ ತಾವೇ ಮುಚ್ಚುತ್ತವೆ. ಇದು 1903ರ ಮಾತು. ಇದ್ದ ಅಣೆಕಟ್ಟಿನಲ್ಲೇ ಹೆಚ್ಚು ನೀರು ನಿಂತಿತು.

1906ರಲ್ಲಿ ಏಡನ್ ಬಂದರಿಗೆ ಹೋಗಿ ಕುಡಿಯುವ ನೀರು ಮತ್ತು ಚರಂಡಿ ವ್ಯವಸ್ಥೆಗೆ ಯೋಜನೆ ಕೊಟ್ಟರು. 1908ರಲ್ಲಿ ಮೂಸಿ ನದಿ ಉಕ್ಕಿ ಹೈದರಾಬಾದಿನಲ್ಲಿ ಸಾವಿರಾರು ಜನ ಸತ್ತಾಗ ನಿಜಾಮ್ ಸರ್ಕಾರ ಅವರನ್ನು ಕರೆಸಿತು. ಊರಿನ ಮೇಲ್ಭಾಗದಲ್ಲಿ ಎರಡು ಜಲಾಶಯ ಕಟ್ಟಲು ಸೂಚಿಸಿದರು. ಉಸ್ಮಾನ್ ಸಾಗರ, ಹಿಮಾಯತ್ ಸಾಗರ ಹೀಗೆ ಹುಟ್ಟಿದವು. ಅಷ್ಟಕ್ಕೇ ನಿಲ್ಲದೆ ಆ ನಗರಕ್ಕೆ ಒಳಚರಂಡಿಯ ಯೋಜನೆಯನ್ನೂ ಸಿದ್ಧಪಡಿಸಿದರು. ಊರಿಗೆ ನೀರು ತಂದರೆ ಅರ್ಧ ಕೆಲಸ, ಬಳಸಿದ ನೀರನ್ನು ಹೊರಗೆ ಸಾಗಿಸಿದರೆ ಪೂರ್ತಿ ಕೆಲಸ ಎಂಬುದನ್ನು ಅವರು ಅರಿತಿದ್ದರು.

1909ರ ಕೊನೆಯಲ್ಲಿ ಮೈಸೂರಿನ ಮುಖ್ಯ ಇಂಜಿನಿಯರ್ ಆಗಿ, 1912ರಿಂದ 1918ರವರೆಗೆ ದಿವಾನರಾಗಿ ಅವರು ಮಾಡಿದ ಕೆಲಸ ಎಲ್ಲರಿಗೂ ಗೊತ್ತು. 1955ರಲ್ಲಿ ಭಾರತರತ್ನ ಪಡೆದು, 1962ರಲ್ಲಿ ಅವರು ತೀರಿಕೊಂಡರು.

ನನ್ನ ಕೆಲಸದಲ್ಲಿ ಹೊಸದನ್ನು ಕಟ್ಟುವುದು ಕಡಿಮೆ. ಯಾರೋ ಹಿಂದೆ ಬರೆದಿಟ್ಟ ಸಾಫ್ಟ್‌ವೇರ್ ನಿಲ್ಲದಂತೆ ನೋಡಿಕೊಳ್ಳುವುದು, ಸ್ವಲ್ಪ ಸುಧಾರಿಸುವುದೇ ಹೆಚ್ಚು. ಮೊದಮೊದಲು ಇದು ಕೀಳು ಕೆಲಸವೆಂದು ಬೇಸರಪಟ್ಟು ಬಿಡಲು ಹೊರಟಿದ್ದೆ. ಆ ದಿನಗಳಲ್ಲೇ ಖಡಕ್‌ವಾಸ್ಲಾದ ಬಾಗಿಲುಗಳ ಬಗ್ಗೆ ಓದಿದ್ದು. ರಾಜೀನಾಮೆ ಪತ್ರ ಹರಿದುಹಾಕಿದೆ.

ಈ ಶಾಲೆಯಲ್ಲಿ ಬೋರ್‌ವೆಲ್ ಒತ್ತಿ ಕೊಡ ತುಂಬಿಸುವ ಸರದಿ ವಾರಕ್ಕೊಮ್ಮೆ ನನ್ನದಾಗಿತ್ತು. ಅಂದು ಅದನ್ನು ಯಾರೂ ದೊಡ್ಡ ಕೆಲಸ ಎನ್ನಲಿಲ್ಲ. ಆದರೆ ಕೊಡ ತುಂಬಿರದ ದಿನ ಎಲ್ಲರಿಗೂ ಗೊತ್ತಾಗುತ್ತಿತ್ತು. ಮುಂದಿನ ಸೆಪ್ಟೆಂಬರ್ 15ರಂದು ಭಾಷಣ ಮಾಡುವ ತಮ್ಮ ತಂಗಿಯರು ಕನ್ನಂಬಾಡಿಯ ಜೊತೆಗೆ ಸಕ್ಕರಿನ ಬಾವಿಯನ್ನೂ ನೆನೆಯಲಿ.

– ಹಳೆಯ ವಿದ್ಯಾರ್ಥಿ, ಬಿ.ಇ., ಸಾಫ್ಟ್‌ವೇರ್ ಇಂಜಿನಿಯರ್, ಬೆಂಗಳೂರು